ಮಡಿಕೇರಿಯಿಂದ ಮುಟ್ಟಿ ನೋಡುವ ಮ್ಯೂಸಿಯಂಗೆ

ಕೊಡಗಿಗೆ ರೈಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಜ್ಞಾನದ ಮಾದರಿಗಳನ್ನಿಟ್ಟಿರುವ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ಯಲು ಮಡಿಕೇರಿಯಿಂದ ಸುಮಾರು 260 ಕಿ.ಮೀ. ರಸ್ತೆಯೇ ಗತಿ. ಒಂದೇ ದಿನದಲ್ಲಿ ಹೋಗಿಬರುವ ಹುಮ್ಮಸ್ಸು ಬೇಡ. ಹಿಂದಿನ ರಾತ್ರಿಯೇ ಬೆಂಗಳೂರು ಸೇರಿ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಕುಶಾಲನಗರ ದಾಟುವವರೆಗೆ ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿರುವು ಗೊತ್ತಾಗುತ್ತದೆ, ಪರದೆ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ; ಆ ಜಗಳವೇ ವಾಂತಿ. ಕಿಟಕಿಯಾಚೆ ದೂರಕ್ಕೆ ನೋಡಲಿ.

ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ತೋಟದವರಿಗೆ ಕಾಫಿ ಕೊಯ್ಲೂ ಆಗಲೇ ಬರುವುದರಿಂದ ಆ ತಿಂಗಳುಗಳನ್ನು ಬಿಟ್ಟುಬಿಡುವುದೇ ಸುಖ.

1962ರಲ್ಲಿ ನೆಹರೂ ಉದ್ಘಾಟಿಸಿದ ಈ ಕಟ್ಟಡದಲ್ಲಿ ಮಹಡಿ ಮೇಲೆ ಮಹಡಿ. ಎಲ್ಲವನ್ನೂ ನೋಡಿ ಮುಗಿಸುವ ಹಟಕ್ಕೆ ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ಮಗು ನೆಲಕ್ಕೆ ಕೂರುತ್ತದೆ. ಐದಾರು ಮಾದರಿಗಳು ಸಾಕು, ಒಂದೊಂದಕ್ಕೂ ಹತ್ತು ನಿಮಿಷ. ರೈಟ್ ಸೋದರರ ವಿಮಾನದ ಪ್ರತಿಕೃತಿ ಅದರಲ್ಲಿರಲಿ. 1903ರ ಮೊದಲ ಹಾರಾಟ 12 ಸೆಕೆಂಡು, ಸುಮಾರು 36 ಮೀಟರ್; ಹೊರಡುವ ಮುಂಚೆಯೇ ಕಾಫಿ ಕಣದಲ್ಲಿ ಅಷ್ಟು ದೂರ ಅಳೆದು ಓಡಿಸಿ.

ಗುಂಡಿ ಒತ್ತಿ ಓಡುವುದು ಮಕ್ಕಳ ಸ್ವಭಾವ. ಮಾದರಿ ಕೆಟ್ಟಿದೆ ಎಂದು ದೊಡ್ಡವರೂ ಮುಂದೆ ಹೋಗುವುದುಂಟು. ಎಷ್ಟೋ ಸಲ ತಪ್ಪು ನಿಂತ ಜಾಗದ್ದು. ವಿಜ್ಞಾನ ಕೇಂದ್ರಗಳಲ್ಲಿ ದೂರದಲ್ಲಿ ಎದುರುಬದುರಾಗಿ ನಿಲ್ಲಿಸಿದ ಎರಡು ದೊಡ್ಡ ಬಾಗು ತಟ್ಟೆಗಳಿರುತ್ತವಲ್ಲ, ಮಕ್ಕಳು ತಟ್ಟೆಗೆ ಬೆನ್ನು ಹಾಕಿ ಎದುರಿನವರತ್ತ ಕೂಗುತ್ತಾರೆ. ಕೂಗಬೇಕಿಲ್ಲ. ತಟ್ಟೆಗೇ ಮುಖ ಮಾಡಿ, ಬಾಯಿ ಅದರ ನಾಭಿಯ, ಅಂದರೆ ತಟ್ಟೆಗೆ ಬಡಿದ ಸದ್ದು ಒಟ್ಟುಗೂಡುವ ಬಿಂದುವಿನ, ಜಾಗಕ್ಕೆ ಬರುವಂತೆ ನಿಂತು ಪಿಸುಗುಟ್ಟಬೇಕು. ಆಚೆಯವರ ಕಿವಿಯೂ ಅವರ ತಟ್ಟೆಯ ನಾಭಿಯಲ್ಲಿರಬೇಕು. ಗದ್ದಲವಿದ್ದರೆ ಕೇಳುವುದಿಲ್ಲ; ಬೇಗ ಹೋಗಿ ಎಂದದ್ದು ಇದಕ್ಕೇ.

ಬುಡಕ್ಕೆ ಬುಡ ಸೇರಿಸಿದ ಎರಡು ಶಂಕುಗಳು ಓರೆ ಹಳಿಗಳ ಮೇಲೆ ತಾವೇ ಏರು ಹತ್ತಿದಂತೆ ಕಾಣುವ ಜೋಡಿ ಶಂಕುವಿನ ಮಾದರಿ ಸಿಕ್ಕರೆ, ಹಳಿಗಳು ಹತ್ತಿರವಿರುವ ತುದಿಯಲ್ಲಿ ಅದನ್ನು ನೇರವಾಗಿ ಇಡಿ. ಓರೆಯಾದರೆ ಜಾರಿ ಬೀಳುತ್ತದೆ. ಮಗುವನ್ನು ಕುಕ್ಕರುಗಾಲಲ್ಲಿ ಕೂರಿಸಿ, ಶಂಕುವಿನ ನಟ್ಟನಡುವೆ ಮಾತ್ರ ಕಣ್ಣಿಡಲು ಹೇಳಿ. ಹಳಿ ಮೇಲೇರುತ್ತದೆ, ಆದರೆ ಎರಡು ಹಳಿಗಳ ನಡುವಿನ ಸಂದು ಅಗಲವಾಗುತ್ತಾ ಹೋಗುವುದರಿಂದ ನಡುಭಾಗ ಇಳಿಯುತ್ತಲೇ ಇರುತ್ತದೆ.

ಊರಿಗೆ ಮರಳಿದ ಮೇಲೆ ಒಂದನ್ನು ಮನೆಯಲ್ಲೇ ಮಾಡಿ, ಮಳೆಗಾಲ ಬಿಟ್ಟು. ಚಿಕ್ಕ ಕನ್ನಡಿಗೆ ರಟ್ಟು ಅಂಟಿಸಿ, ರಟ್ಟಿನಲ್ಲಿ 5 ಮಿ.ಮೀ. ಚೌಕ ತೂತು ಕೊರೆಯಿರಿ. ಅಂಗಳದಲ್ಲಿ ಕಲ್ಲಿಗೆ ಆನಿಸಿಟ್ಟು, ಬಿಸಿಲನ್ನು ಬಾಗಿಲ ಮೂಲಕ ಕತ್ತಲ ಕೋಣೆಯ ಗೋಡೆಗೆ ಬಿಡಿ. ಒಂದಡಿ ದೂರದಲ್ಲಿ ಬೆಳಕು ಚೌಕವಾಗಿಯೇ ಇರುತ್ತದೆ. 5 ಮೀಟರ್ ದೂರದ ಗೋಡೆಯಲ್ಲಿ ಸುಮಾರು 5 ಸೆಂ.ಮೀ. ಅಗಲದ ದುಂಡು ಬಿಲ್ಲೆ: ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಹೆಂಚಿನ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ಬಿಸಿಲೂ ಅದೇ. ಕನ್ನಡಿಯನ್ನು ಕೈಯಲ್ಲಿ ಹಿಡಿದರೆ ಬಿಲ್ಲೆ ನಡುಗುತ್ತದೆ, ತೂತು ದೊಡ್ಡದಾದರೆ ಅಂಚು ಮಸುಕಾಗುತ್ತದೆ. ಕನ್ನಡಿಯೊಳಗೆ ಇಣುಕಲು ಯಾರನ್ನೂ ಬಿಡಬೇಡಿ. ಗೋಡೆಯಲ್ಲಿ ಬಿಲ್ಲೆಯ ಸುತ್ತ ಪೆನ್ಸಿಲ್ ಗೆರೆ ಎಳೆಸಿ. ಸುಮಾರು ಎರಡು ನಿಮಿಷಕ್ಕೆ ಅದು ಗೆರೆಯಿಂದ ಪೂರ್ತಿ ಹೊರಗೆ ಸರಿದಿರುತ್ತದೆ.