ವೀಸ್ ಚರ್ಚಿನ ಮಾಡೆಲ್: ಕಂಬ ನಿಂತಿತು, ಚಾವಣಿ ತೂಗಿತು

ಮೂರು ತಿಂಗಳಿಂದ ಈ ಮಾಡೆಲ್ ಬಗ್ಗೆ ಏನೂ ಬರೆದಿರಲಿಲ್ಲ. ಬರೆಯುವಂಥದ್ದು ಏನೂ ಆಗಿರಲಿಲ್ಲ, ಅಷ್ಟೇ. ಕಳೆದ ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ಆರನೆಯ ಕೆಂಪು ಕಂಬ ಪಾಲಿಶ್ ಆಗಿ ಊಟದ ಮೇಜಿನ ಮೇಲೆ ನೆಟ್ಟಗೆ ನಿಂತಿತು. ಸಂತೋಷಕ್ಕೆ ಇನ್ನೊಂದು ಲೋಟ ಕಾಫಿ ಮಾಡಿಕೊಂಡು ಬರೆಯಲು ಕೂತಿದ್ದೇನೆ.

ಹಿಂದಿನದನ್ನು ಓದದವರಿಗೆ: ನಾನಿರುವುದು ಮ್ಯೂನಿಕ್‌ನಲ್ಲಿ. ಇಲ್ಲಿಂದ ನೈಋತ್ಯಕ್ಕೆ, ಆಲ್ಪ್ಸ್ ಬೆಟ್ಟಗಳ ಬುಡದಲ್ಲಿ, ಸ್ಟೈನ್‌ಗಾಡೆನ್ ಊರಿಗೆ ಸೇರಿದ ಒಂದು ಪುಟ್ಟ ಹಳ್ಳಿ ವೀಸ್. ಆ ಮಾತಿಗೆ ಹುಲ್ಲುಗಾವಲು ಎಂದೇ ಅರ್ಥ. ಬೆರಳಲ್ಲಿ ಎಣಿಸುವಷ್ಟು ಮನೆ, ಕೊರಳಿಗೆ ಗಂಟೆ ಕಟ್ಟಿದ ದನಗಳು, ಅವುಗಳ ನಡುವೆ ಈ ಚರ್ಚು. ಫ್ಯೂಸೆನ್‌ನಿಂದ ಬಸ್ಸಿದೆ. 1745ರಲ್ಲಿ ಕೆಲಸ ಶುರುವಾಗಿ 1754ರಲ್ಲಿ ಪ್ರತಿಷ್ಠೆಯಾದ ಕಟ್ಟಡ. ಕಟ್ಟಿದವನು ಡೊಮಿನಿಕುಸ್ ಜಿಮ್ಮರ್‌ಮಾನ್, ಚಾವಣಿಗೆ ಚಿತ್ರ ಬರೆದವನು ಅವನ ಅಣ್ಣ ಯೋಹಾನ್ ಬಾಪ್ಟಿಸ್ಟ್. ಬರೋಕ್ ಶೈಲಿ ತನ್ನ ಕೊನೆಯ ಕಾಲದಲ್ಲಿ ಹಗುರವಾಗಿ, ನಗುನಗುತ್ತಾ ರೊಕೊಕೊ ಆದ ಘಟ್ಟ ಅದು. ಇದರ ಅರ್ಧ ಸೀಳಿದಂಥ ಮಾಡೆಲ್, 1:50 ಅಳತೆಯಲ್ಲಿ, ನನ್ನ ಯೋಜನೆ. ಸಭಾಂಗಣದ ಒಂದು ಪಕ್ಕ, ಗರ್ಭಗುಡಿಯಂಥ ಮುಖ್ಯ ಬಲಿಪೀಠದ ಭಾಗ, ಮೇಲಿನ ಮಾಡಿನ ಮರದ ಚೌಕಟ್ಟು, ಇಷ್ಟು.

ಗೋಡೆಗಳು ಫೋಮ್ ಬೋರ್ಡಿನವು. ಒಂದೇ ವಾರದಲ್ಲಿ ಮುಗಿದವು, ಅದರಲ್ಲಿ ಹೇಳುವಂಥದ್ದಿಲ್ಲ. ಕಿಟಕಿಗಳು ಮಾತ್ರ ಪ್ರಾಣ ತಿಂದವು. ಜಿಮ್ಮರ್‌ಮಾನ್‌ನ ಕಿಟಕಿಗೆ ಹೆಸರಿಡಬಹುದಾದ ಆಕಾರವೇ ಇಲ್ಲ. ಪಿಟೀಲಿನ ಹೊಟ್ಟೆಯಂತೆ ಉಬ್ಬಿ ತಗ್ಗಿ ಹೋಗುತ್ತದೆ. ಹನ್ನೆರಡು ಬ್ಲೇಡು ಹಾಳಾದವು.

ಮುಖ್ಯ ಬಲಿಪೀಠದ ಕೆಂಪು ಕಂಬಗಳನ್ನು ಅಂದಿನ ಕೆಲಸಗಾರರು ಮಾಡಿದ ರೀತಿಯಲ್ಲೇ ಮಾಡಬೇಕೆಂದು ಹಟ ಹಿಡಿದದ್ದೇ ಈ ಮೂರು ತಿಂಗಳಿಗೆ ಕಾರಣ. ತ್ರೀಡಿ ಪ್ರಿಂಟರಿನಲ್ಲಿ ಒಂದು ಸಂಜೆಯ ಕೆಲಸ ಎಂದು ಗೆಳೆಯರು ಹೇಳಿದರು. ಹೌದು. ಆದರೆ ಆ ಕಂಬಗಳು ಕಲ್ಲಿನವಲ್ಲ ಎಂದು ತಿಳಿದ ದಿನದಿಂದಲೇ ನನಗೆ ಈ ಹುಚ್ಚು ಹಿಡಿದದ್ದು. ನೋಡುವುದಕ್ಕೆ ಅಪ್ಪಟ ಅಮೃತಶಿಲೆ, ಬಿಳಿ ಎಳೆ ಹರಿದ ಕೆಂಪು. ಅಸಲಿಗೆ ಅದು ಜಿಪ್ಸಮ್, ಮೂಳೆಯ ಅಂಟು ಮತ್ತು ಬಣ್ಣದ ಪುಡಿ. ಸ್ಟುಕ್ಕೊ ಮಾರ್ಬಲ್ ಅಂತಾರೆ. ಬಡವರ ಅಮೃತಶಿಲೆ ಅಂದುಕೊಂಡರೆ ತಪ್ಪು. ಅದಕ್ಕೆ ಹಿಡಿಯುವ ಕೂಲಿಯಿಂದಾಗಿ ಎಷ್ಟೋ ಸಲ ನಿಜವಾದ ಕಲ್ಲಿಗಿಂತ ದುಬಾರಿ ಬೀಳುತ್ತಿತ್ತು. ಬೇಕಾದ ಬಣ್ಣ, ಬೇಕಾದ ಕಡೆ ಎಳೆ, ಭಾರ ಕಡಿಮೆ; ಅದಕ್ಕೇ ಕೊಡುತ್ತಿದ್ದರು.

ನನ್ನ ಪಾಕ ಹೀಗೆ. ಅಂಟಿನ ಹರಳನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸುವುದು. ಕುದಿಯಲು ಬಿಡಬಾರದು, ಬಿಟ್ಟರೆ ಅಂಟು ಸತ್ತುಹೋಗುತ್ತದೆ. ವಾಸನೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಲು ಕಾಯಿಸುವ ಪಾತ್ರೆಯನ್ನು ಇದಕ್ಕೆ ಬಳಸಿದ್ದು ಮನೆಯಲ್ಲಿ ಇನ್ನೂ ಮಾತಿಗೆ ಬರುತ್ತಿರುತ್ತದೆ. ಈ ಅಂಟುನೀರಿಗೆ ಜಿಪ್ಸಮ್ ಪುಡಿ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು. ಒಂದು ಉಂಡೆಗೆ ಗಾಢ ಕೆಂಪು, ಒಂದಕ್ಕೆ ತಿಳಿ ಇಟ್ಟಿಗೆ ಬಣ್ಣ, ಒಂದಕ್ಕೆ ಬೂದು. ಅವನ್ನು ಅಡಕೆ ಗಾತ್ರಕ್ಕೆ ಮುರಿದು, ಪ್ರತಿ ತುಂಡನ್ನೂ ನೀರಾದ ಬಿಳಿ ಜಿಪ್ಸಮ್ಮಿನಲ್ಲಿ ಅದ್ದಿ, ಒಟ್ಟಿಗೆ ಒತ್ತಿ ಒಂದೇ ಮುದ್ದೆ ಮಾಡುವುದು. ಚಾಕುವಿನಿಂದ ಹೋಳು ಕೊಯ್ದರೆ ಆ ಬಿಳಿ ಲೇಪವೇ ಕಲ್ಲಿನ ನರವಾಗಿ ಕಾಣುತ್ತದೆ. ಮೊದಲ ಸಲ ಕೊಯ್ದಾಗ ನಾನು ಅಡುಗೆಮನೆಯಲ್ಲೇ ಜೋರಾಗಿ ಕೂಗಿಬಿಟ್ಟೆ.

ಹೋಳನ್ನು ಮರದ ಕೋಲಿನ ಸುತ್ತ ಸುತ್ತಿ ಒತ್ತಿ, ಒಣಗಿಸಿ, ಹೆರೆದು, ಉಜ್ಜಬೇಕು. ಉಜ್ಜುವುದು ಅಂದರೆ ಒಂದು ಸಲ ಅಲ್ಲ. ಪ್ರತಿ ಸುತ್ತಿನಲ್ಲೂ ಸಣ್ಣ ಸಣ್ಣ ತೂತು ತೆರೆದುಕೊಳ್ಳುತ್ತವೆ. ಅವನ್ನು ಅಂಟು ಬೆರೆಸಿದ ಜಿಪ್ಸಮ್ಮಿನಿಂದ ತುಂಬಿ, ಇನ್ನೂ ನಯವಾದ ಕಲ್ಲು ಹಿಡಿದು ಮತ್ತೆ ಉಜ್ಜಬೇಕು. ಅವರು ಒರಟಿನಿಂದ ನಯಕ್ಕೆ ಬೇರೆ ಬೇರೆ ಕಲ್ಲುಗಳನ್ನು ಬಳಸುತ್ತಿದ್ದರು, ನಾನು ನೀರುಕಾಗದ (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಬಳಸಿದೆ. ಅಷ್ಟು ಮೋಸ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಎಣ್ಣೆ, ಮೇಣ. ಬೆರಳು ಗಾತ್ರದ ಒಂದು ಕಂಬಕ್ಕೆ ಒಂಬತ್ತು ಸುತ್ತು ಉಜ್ಜಿದೆ.

ಹಾಳಾದವು ನಾಲ್ಕು. ಮೊದಲೆರಡಕ್ಕೆ ಅಂಟು ಸಾಲದೆ, ನಾದುತ್ತಿರುವಾಗಲೇ ಕೈಯಲ್ಲಿ ಗಟ್ಟಿಯಾದವು. ಜಿಪ್ಸಮ್ ಬೇಗ ಹಿಡಿಯದಂತೆ ತಡೆಯುವುದೇ ಅಂಟಿನ ಕೆಲಸ ಎಂದು ಓದಿದ್ದೆ, ಕೈಗೆ ಗೊತ್ತಾಗಿರಲಿಲ್ಲ. ಮೂರನೆಯದಕ್ಕೆ ಹೆದರಿ ಅಂಟು ಸುರಿದೆ, ಐದು ದಿನವಾದರೂ ಗಿಣ್ಣಿನಂತೆ ಮೆತ್ತಗೇ ಇತ್ತು. ನಾಲ್ಕನೆಯದು ಚೆನ್ನಾಗಿಯೇ ಬಂದಿತ್ತು, ಹೀಟರ್ ಪಕ್ಕದಲ್ಲಿಟ್ಟೆ, ಉದ್ದಕ್ಕೂ ಸೀಳಿತು.

ಇಬ್ಬರೂ ಅಣ್ಣತಮ್ಮಂದಿರು ವೆಸ್ಸೊಬ್ರುನ್ ಊರಿನವರು. ಗಾರೆಯ ಕುಸುರಿ ಕೆಲಸಕ್ಕೆ ಹೆಸರಾದ ಊರು, ಅಲ್ಲಿನ ಕೆಲಸಗಾರರು ಯುರೋಪಿನ ಎಷ್ಟೋ ಚರ್ಚು, ಅರಮನೆಗಳಿಗೆ ಹೋದವರು. ಡೊಮಿನಿಕುಸ್ ಕೂಡ ಮೊದಲು ಗಾರೆಯವನೇ, ಆಮೇಲೆ ಕಟ್ಟಡ ಕಟ್ಟುವವನಾದ. ವೀಸ್‌ನಲ್ಲಿ ಅದು ಎದ್ದು ಕಾಣುತ್ತದೆ. ಗೋಡೆ ಎಲ್ಲಿ ಮುಗಿಯಿತು, ಅಲಂಕಾರ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಬಲಿಪೀಠದ ಭಾಗದಲ್ಲಿ ಕಮಾನುಗಳಿಗೇ ತೂತು ಕೊರೆದಿದ್ದಾನೆ. ಭಾರ ಹೊರಬೇಕಾದ ಜಾಗದಲ್ಲಿ ಬೆಳಕು ನುಗ್ಗುತ್ತದೆ. ಎಂಜಿನಿಯರಿಂಗ್ ಓದಿದ ನನಗೆ ಮೊದಲ ಭೇಟಿಯಲ್ಲಿ ಇದು ತೀರಾ ಕಸಿವಿಸಿ ಮಾಡಿತ್ತು.

ಗುಟ್ಟು ಮೇಲಿದೆ. ಸಭಾಂಗಣದ ಆ ದೊಡ್ಡ ಚಾವಣಿ ಇಟ್ಟಿಗೆಯದಲ್ಲ. ಮರದ ರೀಪು ಹೊಡೆದು, ಗಾರೆ ಮೆತ್ತಿ, ಮಾಡಿನ ಚೌಕಟ್ಟಿಗೆ ತೂಗುಹಾಕಿದ್ದು. ಕಲ್ಲಿನ ಗುಮ್ಮಟದಂತೆ ಗೋಡೆಯನ್ನು ಹೊರಕ್ಕೆ ತಳ್ಳುವುದಿಲ್ಲ. ಅದಕ್ಕೇ ಗೋಡೆ ತುಂಬ ಕಿಟಕಿ, ಕಂಬ ಸಪೂರ. ಅರ್ಧ ಸೀಳಿದ ಮಾಡೆಲ್ ಮಾಡುತ್ತಿರುವುದೂ ಇದನ್ನು ತೋರಿಸಲಿಕ್ಕೇ. ಕೆಳಗಿನಿಂದ ನೋಡಿದವನಿಗೆ ಸ್ವರ್ಗ, ಮೇಲಿನಿಂದ ನೋಡಿದವನಿಗೆ ಅಟ್ಟ.

ನನ್ನ ಚಾವಣಿ ಈಗ ಎರಡನೆಯ ಪ್ರಯತ್ನದಲ್ಲಿದೆ. ಬಾಲ್ಸಾ ಮರದ ಕಡ್ಡಿ, ಅದರ ಮೇಲೆ ಮಲ್ಮಲ್ ಬಟ್ಟೆ, ಅದರ ಮೇಲೆ ತೆಳು ಪ್ಲಾಸ್ಟರ್. ಮೊದಲ ಸಲ ಪ್ಲಾಸ್ಟರ್ ದಪ್ಪವಾಗಿ, ಬೆಳಗಾಗುವಷ್ಟರಲ್ಲಿ ನಡುವೆ ಜೋತುಬಿದ್ದಿತ್ತು, ಮಳೆ ನೀರು ತುಂಬಿದ ಶಾಮಿಯಾನದ ಹಾಗೆ. ಈ ಸಲ ಎರಡು ಮಿಲಿಮೀಟರಿಗೆ ನಿಲ್ಲಿಸಿ ಹನ್ನೊಂದು ಕಡೆ ತೂಗು ಕಡ್ಡಿ ಕೊಟ್ಟಿದ್ದೇನೆ. ನಿಂತಿದೆ.

ಅದರ ಚಿತ್ರ ಬರೆಯುವ ಧೈರ್ಯ ನನಗಿಲ್ಲ. ಕಾಮನಬಿಲ್ಲಿನ ಮೇಲೆ ಕೂತ ಯೇಸು. ಬಲಿಪೀಠದ ಕಡೆ ಕೊನೆಯ ತೀರ್ಪಿನ ಸಿಂಹಾಸನ, ಇನ್ನೂ ಖಾಲಿ. ಎದುರು ತುದಿಯಲ್ಲಿ ಮುಚ್ಚಿದ ಒಂದು ಮಹಾದ್ವಾರ, ಅನಂತಕ್ಕೆ ತೆರೆಯುವಂಥದ್ದು. ಚಾವಣಿ ನಿಜಕ್ಕೂ ತೀರ ಚಪ್ಪಟೆ. ಅಂಚಿನಲ್ಲಿ ಬರೆದ ಕಟ್ಟಡದ ಚಿತ್ರ ಅದನ್ನು ಎತ್ತರ ಮಾಡಿಬಿಡುತ್ತದೆ. ನಿಜವಾದ ಗಾರೆ ಎಲ್ಲಿಗೆ ಮುಗಿದು ಚಿತ್ರದ ಗಾರೆ ಶುರುವಾಯಿತೆಂದು ಹುಡುಕುತ್ತಾ ಕುತ್ತಿಗೆ ಹಿಡಿದುಕೊಂಡಿತ್ತು. ಸದ್ಯಕ್ಕೆ ನೀಲಿ ಬಳಿದು, ಕಾಮನಬಿಲ್ಲು ಮಾತ್ರ ಎಳೆದು ಬಿಡುವ ಯೋಚನೆ.

ಒಳಗಿನ ಉಳಿದ ಸಾಮಾನಿನ ಲೆಕ್ಕ: ಬಲಿಪೀಠದ ದೊಡ್ಡ ಚಿತ್ರ ಬಾಲ್ಥಸರ್ ಆಗುಸ್ಟ್ ಆಲ್ಬ್ರೆಖ್ಟ್ ಬರೆದ ಪವಿತ್ರ ಕುಟುಂಬ, ಅಂಚೆಚೀಟಿಯಷ್ಟಕ್ಕೆ ಪ್ರಿಂಟ್ ತೆಗೆದು ಅಂಟಿಸಿದೆ. ಸಭಾಂಗಣದಲ್ಲಿ ನಿಂತ ನಾಲ್ವರು ಚರ್ಚ್ ಪಿತಾಮಹರು, ಅಂದರೆ ಕ್ರೈಸ್ತ ಧರ್ಮದ ಹಳೆಯ ಕಾಲದ ಗುರುಗಳು, ಫ್ಯೂಸೆನ್‌ನ ಶಿಲ್ಪಿ ಆಂಟೊನ್ ಸ್ಟುರ್ಮ್ ಕೆತ್ತಿದವರು. ಎಪಾಕ್ಸಿ ಪುಟ್ಟಿಯಲ್ಲಿ ಇಬ್ಬರನ್ನು ಮಾಡಿದ್ದೇನೆ, ಒಬ್ಬರು ಬಿಷಪ್‌ಗಿಂತ ಹೆಚ್ಚಾಗಿ ಇಡ್ಲಿ ಹೊತ್ತ ಅಜ್ಜನಂತೆ ಕಾಣುತ್ತಾರೆ. ಪ್ರವಚನ ಪೀಠ ಬಾಕಿ. ಆರ್ಗನ್ ಇರುವ ತುದಿ ನನ್ನ ಸೀಳಿಗೆ ಬರುವುದೇ ಇಲ್ಲ, ಬದುಕಿದೆ.

ಇನ್ನು ಮೂಲಮೂರ್ತಿ. ಇಡೀ ಚರ್ಚಿಗೆ ಕಾರಣವೇ ಅದು. 1730ರಲ್ಲಿ ಸ್ಟೈನ್‌ಗಾಡೆನ್ ಮಠದ ಸನ್ಯಾಸಿಗಳು ಶುಭ ಶುಕ್ರವಾರದ ಮೆರವಣಿಗೆಗೆಂದು ಚಾಟಿಯೇಟು ತಿಂದ ಯೇಸುವಿನ ಮೂರ್ತಿಯೊಂದನ್ನು ಹಳೆಯ ಮರದ ಬೊಂಬೆಗಳ ಬಿಡಿ ಭಾಗಗಳಿಂದ ಜೋಡಿಸಿದರು. ಕೀಲುಗಳು ಕಾಣದಂತೆ ನಾರುಬಟ್ಟೆ ಸುತ್ತಿ, ಮೇಲೆ ಬಣ್ಣ ಬಳಿದರು. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಮರದ ತುಂಡುಗಳನ್ನು ಕೂಡಿಸಿ, ಸಂದಿಗೆ ಬಟ್ಟೆ ಅಂಟಿಸಿ, ಹುಣಸೆಬೀಜದ ಸರಿ ಬಳಸಿ ದೇವರು ಮಾಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಗಾಜಿನ ಹಿಂದಿನ ಈ ಮೂರ್ತಿಯ ಮೊಣಕೈ ಕಂಡಾಗ ಅದೇ ನೆನಪಾಯಿತು. ಮೂರ್ತಿ ನೋಡಿದವರ ಕರುಳು ಹಿಂಡುವಷ್ಟು ದಾರುಣವಾಗಿದೆ ಎನಿಸಿ, ಕೆಲವು ವರ್ಷಕ್ಕೇ ಮೆರವಣಿಗೆ ನಿಂತು ಅದು ಮೂಲೆ ಸೇರಿತು. ವೀಸ್‌ನ ರೈತ ಮಹಿಳೆ ಮಾರಿಯಾ ಲೋರಿ ಅದನ್ನು ಮನೆಗೆ ತಂದಿಟ್ಟುಕೊಂಡಳು. 1738ರ ಜೂನ್ 14ರಂದು ಮೂರ್ತಿಯ ಕಣ್ಣಲ್ಲಿ ನೀರು ಕಂಡಿತೆಂದು ಸುದ್ದಿಯಾಯಿತು. ಜನ ಬರತೊಡಗಿದರು. ಮೊದಲು ಹೊಲದಲ್ಲಿ ಪುಟ್ಟ ಗುಡಿ ಕಟ್ಟಿದರು, ಅದು ಈಗಲೂ ಇದೆ. ಅದು ಸಾಲದೆ ಮಠ ಈ ಚರ್ಚಿಗೆ ಕೈಹಾಕಿ, ಅಂದಾಜು ಮೀರಿ ಖರ್ಚು ಮಾಡಿ ಸಾಲಕ್ಕೆ ಬಿತ್ತು. ಮನೆ ಕಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಭೇಟಿಯಲ್ಲಿ ನಾನು ಈ ಮೂರ್ತಿಯ ಕಡೆ ಸರಿಯಾಗಿ ನೋಡಿಯೇ ಇರಲಿಲ್ಲ. ಕಣ್ಣೆಲ್ಲ ಚಾವಣಿ ಮೇಲೆ. ಎರಡನೆಯ ಸಲ ಹೋದಾಗ ಮುಂದಿನ ಬೆಂಚಿನಲ್ಲಿ ಅಜ್ಜಿಯೊಬ್ಬರು ತಲೆ ಎತ್ತದೆ ಅದನ್ನೇ ನೋಡುತ್ತಾ ಅರ್ಧ ಗಂಟೆ ಕೂತಿದ್ದರು. ಅವರಿಗೆ ಚಾವಣಿ ಬೇಕಾಗಿರಲಿಲ್ಲ. 1803ರಲ್ಲಿ ಸರ್ಕಾರ ಮಠದ ಆಸ್ತಿ ಕಿತ್ತುಕೊಂಡು ಈ ಚರ್ಚನ್ನೂ ವಿಲೇವಾರಿ ಮಾಡಹೊರಟಾಗ ಅಡ್ಡ ನಿಂತು ಉಳಿಸಿಕೊಂಡವರು ಸುತ್ತಲಿನ ರೈತರು. ಯುನೆಸ್ಕೋ ಪಟ್ಟಿಗೆ ಸೇರಿದ್ದು 1983ರಲ್ಲಿ, ಆಮೇಲೆ 1991ರವರೆಗೆ ದೊಡ್ಡ ದುರಸ್ತಿ.

ಇನ್ನೊಂದು ಆಸೆಯೂ ಇದೆ. ಇದೇ ಸೋದರರು 1728ರಿಂದ 1733ರ ನಡುವೆ ಸ್ಟೈನ್‌ಹೌಸೆನ್‌ನಲ್ಲಿ ಮಾಡಿದ ಚರ್ಚು. ಮೊಟ್ಟೆಯಾಕಾರದ ಸಭಾಂಗಣ, ಸುತ್ತ ಹತ್ತು ಕಂಬ. ಜಗತ್ತಿನ ಅತಿ ಸುಂದರ ಹಳ್ಳಿ ಚರ್ಚು ಎಂದು ಅಲ್ಲಿನವರ ಹೆಮ್ಮೆ. ಕಿಟಕಿಗಳ ಬಳಿ ಗಾರೆಯಲ್ಲಿ ಹಕ್ಕಿ, ಹುಳು, ಅಳಿಲು. ಇದು ಮುಗಿದರೆ ಅದು, ಎಂದು ಮನೆಯಲ್ಲಿ ಇನ್ನೂ ಹೇಳಿಲ್ಲ.

ಮುಂದಿನ ವಾರದ ಕೆಲಸ ಆ ಮೂರ್ತಿ. 1:50ರಲ್ಲಿ ಅದು ಒಂದು ಕಡಲೆಕಾಯಿಗಿಂತ ದೊಡ್ಡದಾಗುವುದಿಲ್ಲ. ಪುಟ್ಟಿಯಲ್ಲಿ ಒಂದೇ ತುಂಡಾಗಿ ಮಾಡಿದ್ದು ಎರಡು ಇವೆ, ಎರಡೂ ಸರಿಯಿಲ್ಲ. ಈಗ ಬೆಂಕಿಕಡ್ಡಿ ಸೀಳಿ ಕೈ, ಕಾಲು, ಮುಂಡ ಬೇರೆ ಬೇರೆ ಮಾಡಿ ಜೋಡಿಸಿದ್ದೇನೆ. ಕೀಲಿಗೆ ಸುತ್ತಲು ಹಳೆಯ ಪಂಚೆಯ ಅಂಚಿನಿಂದ ಎಳೆ ಬಿಡಿಸಿಟ್ಟಿದ್ದೇನೆ, ಭೂತಗನ್ನಡಿ ಸ್ಟ್ಯಾಂಡ್ ಶನಿವಾರ ಬರುತ್ತದೆ.