ಹಲ್ಲು ಕಿತ್ತ ಜಾಗದ ರಕ್ತದ ಹೆಪ್ಪು

ಹಲ್ಲು ಕೀಳಿಸಿದ ಮೇಲೆ ಎಲ್ಲ ಡಾಕ್ಟರೂ ಹೇಳುವುದು ಒಂದೇ: ಹತ್ತಿ ಕಚ್ಚಿಕೊಂಡಿರಿ, ಉಗುಳಬೇಡಿ, ಇವತ್ತು ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಏನೂ ಕುಡಿಯಬೇಡಿ. ಯಾಕೆ ಅಂತ ಬಿಡಿಸಿ ಹೇಳುವವರು ಕಡಿಮೆ. ಕಾರಣ ಗೊತ್ತಾದರೆ ಜನ ಖಂಡಿತ ಪಾಲಿಸುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹಲ್ಲು ಹೋದ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಫೈಬ್ರಿನ್ ಅನ್ನೋ ಪ್ರೋಟೀನಿನ ಎಳೆಗಳು ಬಲೆಯ ಹಾಗೆ ಹೆಣೆದುಕೊಂಡು ಅದನ್ನು ಹಿಡಿದಿಡುತ್ತವೆ. ಕೆಳಗಿನ ಮೂಳೆಗೆ, ನರಗಳಿಗೆ ಅದೇ ಹೊದಿಕೆ, ಹೊಸ ಮಾಂಸ ಬೆಳೆಯುವುದೂ ಅದರ ಆಸರೆಯಲ್ಲೇ. ಉಗುಳಿದರೆ, ಜೋರಾಗಿ ಮುಕ್ಕಳಿಸಿದರೆ, ಸ್ಟ್ರಾದಲ್ಲಿ ಎಳೆದರೆ ಈ ಹೆಪ್ಪು ಕಿತ್ತು ಬರಬಹುದು, ಅದಕ್ಕೇ ಅವು ಬೇಡ ಅನ್ನುವುದು. ಗಾಯ ಮಾಯುತ್ತಾ ಬಂದ ಹಾಗೆ ಹೆಪ್ಪು ಕರಗಲೇಬೇಕು, ಆ ಕೆಲಸ ಪ್ಲಾಸ್ಮಿನ್ ಅನ್ನೋ ಕಿಣ್ವದ್ದು. ಅದು ರಕ್ತದಲ್ಲಿ ಪ್ಲಾಸ್ಮಿನೋಜೆನ್ ರೂಪದಲ್ಲಿ ಸುಮ್ನೆ ಇರುತ್ತದೆ, ಎಬ್ಬಿಸುವ ವಸ್ತು ಸಿಕ್ಕಾಗ ಮಾತ್ರ ಕೆಲಸಕ್ಕಿಳಿಯುತ್ತದೆ. ಅಂಥ ವಸ್ತುಗಳು ಗಾಯವಾದ ಮೂಳೆಯಿಂದ ಬರುತ್ತವೆ, ನಮ್ಮ ಎಂಜಲಲ್ಲೂ ಇವೆ.

ಪ್ಲಾಸ್ಮಿನ್ ಅವಸರ ಮಾಡಿದರೆ ಮಾತ್ರ ಕಷ್ಟ. ಹೊಸ ಮಾಂಸ ಬರುವ ಮೊದಲೇ ಹೆಪ್ಪು ಕರಗಿ ಮೂಳೆ ಬರಿದಾಗುತ್ತದೆ. ಇದೇ ಡ್ರೈ ಸಾಕೆಟ್. ಹೀಗೆ ಹೆಪ್ಪು ಬೇಗ ಕರಗುವುದೇ ಇದಕ್ಕೆ ಕಾರಣ ಅಂತ 1973ರಲ್ಲಿ ಬಿರ್ನ್ ಎಂಬ ಸಂಶೋಧಕರು ವಿವರಿಸಿದರು. ಕೆಳದವಡೆಯ ಬುದ್ಧಿ ಹಲ್ಲು ತೆಗೆಸಿದವರಲ್ಲಿ, ಸಿಗರೇಟು ಸೇದುವವರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಇದು ಜಾಸ್ತಿ.

ನಮ್ಮ ಅತ್ತೆಗೆ ಆಗಿದ್ದು ಇದೇ. ಮಾರನೇ ದಿನ ನೋವು ಇಳಿದು, ಅನ್ನ ಸಾರು ಮೆತ್ತಗೆ ಕಲಸಿಕೊಂಡು ಊಟವನ್ನೂ ಮಾಡಿದ್ದರು. ಆಮೇಲೆ ಶುರುವಾಯಿತು ನೋಡಿ, ಕಿವಿವರೆಗೂ ಸಿಡಿಯುವ ನೋವು, ಬಾಯಲ್ಲಿ ಕೆಟ್ಟ ವಾಸನೆ. ಟಾರ್ಚ್ ಹಾಕಿ ನೋಡಿದರೆ ಕಡುಗೆಂಪು ಹೆಪ್ಪು ಇರಬೇಕಾದ ಕಡೆ ಬೂದುಬಣ್ಣದ ಖಾಲಿ ಗುಳಿ. ಡಾಕ್ಟರು ಅದನ್ನು ತೊಳೆದು, ಲವಂಗದೆಣ್ಣೆಯ ಅಂಶ ಇರುವ ಔಷಧಿ ತುಂಬಿದ ಮೇಲೆ ಅವರಿಗೆ ಜೀವ ಬಂದ ಹಾಗಾಯಿತು.

ಇದೇ ಪ್ಲಾಸ್ಮಿನನ್ನು ತಡೆಯುವ ಔಷಧಿಯೂ ಇದೆ, ಟ್ರಾನೆಕ್ಸಾಮಿಕ್ ಆಸಿಡ್. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ 1960ರ ದಶಕದಲ್ಲಿ ಕಂಡುಹಿಡಿದದ್ದು. ಪ್ಲಾಸ್ಮಿನೋಜೆನ್ ಹೋಗಿ ಫೈಬ್ರಿನ್ ಎಳೆಗೆ ಅಂಟಿಕೊಳ್ಳದಂತೆ ಅದು ಅಡ್ಡ ನಿಲ್ಲುತ್ತದೆ. ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾ ಕಾಯಿಲೆ ಇರುವವರಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರಿಗೆ ಹಲ್ಲು ಕಿತ್ತಾಗ ರಕ್ತ ನಿಲ್ಲಲಿ ಅಂತ ಇದನ್ನು ಮೆಲ್ಲಗೆ ಬಾಯಿ ಮುಕ್ಕಳಿಸಲು ಕೊಡುತ್ತಾರೆ, ಇಲ್ಲವೇ ಇದರಲ್ಲಿ ನೆನೆಸಿದ ಗಾಜ್ ಬಟ್ಟೆ ಕಚ್ಚಿಸುತ್ತಾರೆ. ಹೀಗೆ ದಾರಿ ಇರುವಾಗ, ಹಲ್ಲು ಕೀಳಿಸಬೇಕು ಅಂತ ಹೃದಯದ ತೊಂದರೆಗೆ ಕೊಟ್ಟ ಇಂಥ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ತುಂಬಾ ಅಪಾಯ. ಮನೆಯ ಹಿರಿಯರು ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ ಅನ್ನೋ ಚೀಟಿಯನ್ನು ಹಲ್ಲಿನ ಡಾಕ್ಟರಿಗೆ ಮೊದಲೇ ತೋರಿಸಿ.