ಆಂಗ್ಲೋ-ಸ್ಯಾಕ್ಸನ್ ಡ್ರ್ಯಾಗನ್ ಹುಡುಕಿಕೊಂಡು ಹೋಗುವವರಿಗೆ

ಇಂಗ್ಲೆಂಡಿನಲ್ಲಿ ಡ್ರ್ಯಾಗನ್ ಅಂದ ತಕ್ಷಣ ಅದನ್ನು ಈಟಿಯಿಂದ ತಿವಿಯುವ ಸಂತ ಜಾರ್ಜ್‌ನ ಚಿತ್ರ ತೋರಿಸುತ್ತಾರೆ. ಅದಕ್ಕೂ ಎಷ್ಟೋ ಮೊದಲು, 1066ಕ್ಕೆ ಮೊದಲು ಇಂಗ್ಲೆಂಡನ್ನು ಆಳಿದ ಆಂಗ್ಲೋ-ಸ್ಯಾಕ್ಸನ್ ದೊರೆಗಳು ಅದೇ ಡ್ರ್ಯಾಗನ್ನನ್ನು ಮುಖದ ಮೇಲೇ ಧರಿಸುತ್ತಿದ್ದರು. ನಾವು ಹೋಗಿದ್ದು ಅದನ್ನು ನೋಡೋಕೆ.

ಮೊದಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಗಿ. ದೊರೆಯೊಬ್ಬನನ್ನು ಹಡಗು, ನಿಧಿ ಸಮೇತ ಹೂತಿದ್ದ ಸಟನ್ ಹೂ ಎಂಬ ಜಾಗ ಆಮೇಲಿರಲಿ; ಅಲ್ಲಿ ಸಿಕ್ಕ ನಿಧಿ ಇರುವುದು ಈ ಮ್ಯೂಸಿಯಂನಲ್ಲೇ. ಪ್ರವೇಶ ಉಚಿತ, ಆದರೂ ಆನ್‌ಲೈನ್‌ನಲ್ಲಿ ಸಮಯ ಬುಕ್ ಮಾಡಿಕೊಳ್ಳಿ. ಚಕ್ರದ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ. ಈಜಿಪ್ಟಿನ ಮಮ್ಮಿಗಳ ಹತ್ತಿರ ನಿಂತುಬಿಡದೆ ನೇರವಾಗಿ 41ನೇ ಕೋಣೆಗೆ ನಡೆಯಿರಿ.

ಅಲ್ಲಿರುವ ಸಟನ್ ಹೂ ಹೆಲ್ಮೆಟ್ಟನ್ನು ನೋಡಲು ತಾಳ್ಮೆ ಬೇಕು. ಮೊದಲು ಕಾಣುವುದು ಮೀಸೆ ಇರುವ ಒಂದು ಮುಖ, ಅಷ್ಟೇ. ಸ್ವಲ್ಪ ಹೊತ್ತು ದಿಟ್ಟಿಸಿ. ಹುಬ್ಬುಗಳು ರೆಕ್ಕೆ, ಮೂಗು ಮೈ, ಮೀಸೆ ಬಾಲ! ಇಡೀ ಮುಖವೇ ಮೇಲಕ್ಕೆ ಹಾರುತ್ತಿರುವ ಡ್ರ್ಯಾಗನ್. ನೆತ್ತಿಯ ಮೇಲಿಂದ ಇಳಿದು ಬರುವ ಇನ್ನೊಂದು ಸರ್ಪ ಅದಕ್ಕೆ ಮೂತಿಗೆ ಮೂತಿ ಕೊಟ್ಟು ನಿಂತಿದೆ. ಹುಬ್ಬಿನ ತುದಿಯಲ್ಲಿ ಕಾಡುಹಂದಿಯ ತಲೆಗಳಿವೆ. ಹೆಲ್ಮೆಟ್ ಸಿಕ್ಕಿದ್ದು 500ಕ್ಕೂ ಜಾಸ್ತಿ ಚೂರುಗಳಾಗಿ, ಹಾಗಾಗಿ ಮೂಲದಲ್ಲಿ ಇದೆಲ್ಲ ಸುಲಭಕ್ಕೆ ತಿಳಿಯುವುದಿಲ್ಲ. ಅಲ್ಲೇ ಇರುವ ಹೊಳೆಯುವ ಪ್ರತಿಕೃತಿಯನ್ನು ಮೊದಲು ನೋಡಿ, ಆಮೇಲೆ ಮೂಲಕ್ಕೆ ಬನ್ನಿ. ಅದೇ ಸಮಾಧಿಯಲ್ಲಿ ಸಿಕ್ಕ ಗುರಾಣಿಯ ಮೇಲೂ ರೆಕ್ಕೆಯ ಡ್ರ್ಯಾಗನ್ ಇದೆ. ಹೆಚ್ಚಿನವರು ಅದನ್ನು ಗಮನಿಸದೇ ಮುಂದೆ ಹೋಗುತ್ತಾರೆ.

ಮರುದಿನ ಸಟನ್ ಹೂ. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್‌ನಿಂದ ಇಪ್ಸ್‌ವಿಚ್, ಅಲ್ಲಿ ರೈಲು ಬದಲಿಸಿ ಮೆಲ್ಟನ್. ಮೆಲ್ಟನ್‌ನಿಂದ ಸುಮಾರು 2 ಕಿ.ಮೀ. ನಡಿಗೆ, ಸ್ವಲ್ಪ ಏರು. ವಾಪಸ್ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಜಾಗ ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು, ಟಿಕೆಟ್ ಇದೆ. ಇಲ್ಲಿ ಮೂಲ ಚಿನ್ನ ಹುಡುಕಬೇಡಿ. ಕಾಣುವುದು ಹುಲ್ಲು ಬೆಳೆದ ದಿಬ್ಬಗಳು. 1939ರಲ್ಲಿ ಪುರಾತತ್ವಜ್ಞ ಬೇಸಿಲ್ ಬ್ರೌನ್ ಅಗೆದಾಗ 27 ಮೀಟರ್ ಉದ್ದದ ಹಡಗಿನ ಮರವೆಲ್ಲ ಕರಗಿಹೋಗಿ, ಮರಳಿನಲ್ಲಿ ಅಚ್ಚು, ಕಬ್ಬಿಣದ ಮೊಳೆಗಳ ಸಾಲು ಮಾತ್ರ ಉಳಿದಿತ್ತು. ಸಮಾಧಿ 7ನೇ ಶತಮಾನದ ಆರಂಭದ್ದು, ಬಹುಶಃ ಪೂರ್ವ ಆಂಗ್ಲಿಯಾದ ದೊರೆ ರೆಡ್‌ವಾಲ್ಡ್‌ನದು. ವೀಕ್ಷಣಾ ಗೋಪುರ ಹತ್ತಿದರೆ ದಿಬ್ಬಗಳ ಸಾಲು ಚೆನ್ನಾಗಿ ಅರ್ಥವಾಗುತ್ತದೆ.

ಹಳೆಯ ಇಂಗ್ಲಿಷ್ ಕಾವ್ಯ ಬಿಯೋವುಲ್ಫ್‌ನಲ್ಲಿ ಇಂಥದೇ ದಿಬ್ಬದೊಳಗೆ ಡ್ರ್ಯಾಗನ್ ಚಿನ್ನ ಕಾಯುತ್ತದೆ. ನಿಧಿ ಕಾಯೋ ಸರ್ಪದ ಕತೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನೊಂದು ದಿನ ಇದ್ದರೆ ರೆಡಿಂಗ್ ಮ್ಯೂಸಿಯಂ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕತೆ ಹೇಳುವ ಬಾಯೋ ಕಸೂತಿಯ ಪೂರ್ಣ ಅಳತೆಯ ಪ್ರತಿ ಅಲ್ಲಿದೆ, 1885-86ರಲ್ಲಿ ಹೆಂಗಸರು ಹೊಲಿದದ್ದು. ಕೊನೆಯ ಭಾಗದಲ್ಲಿ, ಇಂಗ್ಲೆಂಡಿನ ಹೆರಾಲ್ಡ್ ದೊರೆ ಸಾಯುವ ಜಾಗದ ಪಕ್ಕದಲ್ಲೇ, ಡ್ರ್ಯಾಗನ್ ಬಾವುಟ ಹಿಡಿದವನಿದ್ದಾನೆ. ಮ್ಯೂಸಿಯಂ ವಾರವಿಡೀ ತೆರೆದಿರುವುದಿಲ್ಲ, ವಿಚಾರಿಸಿ ಹೋಗಿ.

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ದ್ವೀಪವನ್ನೂ ಸೇರಿಸೋಣವಾ ಅಂತ ಕೆಲವರು ಕೇಳುತ್ತಾರೆ. 793ರಲ್ಲಿ ವೈಕಿಂಗರು ಅಲ್ಲಿನ ಮಠದ ಮೇಲೆ ಬೀಳುವ ಮೊದಲು ಆಕಾಶದಲ್ಲಿ ಬೆಂಕಿಯ ಡ್ರ್ಯಾಗನ್‌ಗಳು ಹಾರಿದವು ಎಂದು ಆ ಕಾಲದ ಇತಿಹಾಸದ ದಾಖಲೆ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಹೇಳುತ್ತದೆ. ದ್ವೀಪ ಚೆನ್ನಾಗಿದೆ, ಆದರೆ ಬರೀ ಡ್ರ್ಯಾಗನ್‌ಗಾಗಿ ಅಷ್ಟು ದೂರ ಬೇಡ. ಹೋಗುವುದೇ ಆದರೆ ಉಬ್ಬರವಿಳಿತದ ವೇಳಾಪಟ್ಟಿ ನೋಡಿಕೊಂಡೇ ಹೊರಡಿ, ಉಬ್ಬರ ಬಂದಾಗ ರಸ್ತೆ ಮುಳುಗುತ್ತದೆ.